ಶಾಂತವೇರಿ ಗೋಪಾಲಗೌಡರು ಮಂತ್ರಿಯಾಗಲೇ ಇಲ್ಲ, ಆದರೂ ಶಿವಮೊಗ್ಗ ಕಡೆ ಅವರನ್ನು ಇಷ್ಟು ನೆನೆಯುವುದು ಯಾಕೆ?

ಅವರು ಸಮಾಜವಾದಿ, ಕೂತದ್ದು ವಿರೋಧ ಪಕ್ಷದ ಸಾಲಿನಲ್ಲೇ. 1952ರಲ್ಲಿ ಸಾಗರ-ಹೊಸನಗರದಿಂದ, ಆಮೇಲೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ವಿಧಾನಸಭೆಗೆ ಗೆದ್ದರು.

ಆದರೆ ನೆನಪು ಉಳಿದಿರುವುದು ಕಾಗೋಡಿನಿಂದ. ಸಾಗರದ ಹತ್ತಿರದ ಈ ಊರಲ್ಲಿ ಗೇಣಿ ಭತ್ತ, ಅಂದರೆ ನೆಲದ ಬಾಡಿಗೆಯಾಗಿ ಕೊಡುವ ಭತ್ತ, ಅಳೆಯಲು ಜಮೀನಿನ ಒಡೆಯರು ದೊಡ್ಡ ಕೊಳಗ (ಅಳತೆಯ ಪಾತ್ರೆ) ಬಳಸುತ್ತಿದ್ದರು. ಅಳತೆಯಲ್ಲೇ ಅನ್ಯಾಯ ಅಲ್ವಾ? 1951ರಲ್ಲಿ ಗೇಣಿದಾರರು ತಿರುಗಿಬಿದ್ದರು. ಗೋಪಾಲಗೌಡರು ಅವರ ಜೊತೆ ನಿಂತು ಜೈಲಿಗೂ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು.

ಉಳುವವನಿಗೇ ನೆಲ ಅನ್ನುವ ಆ ಮಾತನ್ನು ಅವರು ಸದನದಲ್ಲೂ ಬಿಡಲಿಲ್ಲ. ನನ್ನ ಪ್ರಕಾರ ಮಂತ್ರಿಗಿರಿಗಿಂತ ಇದೇ ದೊಡ್ಡದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಡಬೇಕೆಂದೂ ಪಟ್ಟು ಹಿಡಿದರು. ಅವರು ತೀರಿಕೊಂಡದ್ದು 1972ರಲ್ಲಿ. ಹೆಸರು ಬದಲಾದದ್ದು 1973ರಲ್ಲಿ, ಗೇಣಿದಾರರಿಗೆ ನೆಲ ಕೊಡಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ.