ಯಾರ ಹತ್ತಿರವೂ ಏನೂ ಕೇಳಬಾರದು ಎಂದು ಕಟ್ಟಿದ ಬ್ಯಾಗು

ಅವನನ್ನು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದವರು ಅವನ ಚಿಕ್ಕಮ್ಮ. ಬೆಂಗಳೂರಿನ ವಿಜಯನಗರದ ಅವರ ಮನೆಯ ನಡುಮನೆಯಲ್ಲಿ ಒಂದು ವಾರದಿಂದ ಎರಡು ಬ್ಯಾಗು, ಒಂದು ಸೂಟ್‌ಕೇಸು ಬಾಯಿ ತೆರೆದುಕೊಂಡೇ ಬಿದ್ದಿದ್ದವಂತೆ. "ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ರೆ ಎಲ್ಲಾ ಹೊರಗೆ ತೆಗೆದು ಮತ್ತೆ ಜೋಡಿಸ್ತಾ ಕೂತಿರ್ತಾನೆ ಮೇಡಂ. ಸರಿಯಾಗಿ ಊಟ ಮಾಡಲ್ಲ. ಹಾಸ್ಟೆಲ್ ಸೇರೋಕೆ ಇನ್ನು ಹತ್ತೇ ದಿನ" ಎಂದರು.

ಹುಡುಗನನ್ನು ಇಲ್ಲಿ ಕಿರಣ ಎನ್ನುತ್ತೇನೆ. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅರಸೀಕೆರೆ ಕಡೆಯ ಹಳ್ಳಿಯವನು, ಮನೆಯಲ್ಲಿ ತೆಂಗಿನ ತೋಟ. ಸಿಇಟಿಯಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆ ಕುಟುಂಬದಲ್ಲಿ ಹಾಸ್ಟೆಲ್‌ಗೆ ಹೋಗುವ ಮೊದಲನೆಯವನು ಅವನೇ.

ಮೊಬೈಲ್ ತೆಗೆದು ಪಟ್ಟಿ ತೋರಿಸಿದ. 163 ಸಾಲು. ಎರಡು ಬೀಗ, ಟೆಸ್ಟರ್, ಸ್ಕ್ರೂಡ್ರೈವರ್, ಎಂ-ಸೀಲ್, ಸ್ಟೇಪ್ಲರ್, ಅದರ ಪಿನ್ನು ಮೂರು ಡಬ್ಬಿ, ಎಕ್ಸ್‌ಟೆನ್ಷನ್ ಬಾಕ್ಸ್, ಒಂದು ಸ್ಪೇರ್ ಬಲ್ಬು. ಊರಿಂದ ಬಸ್ಸು ಹತ್ತುವ ಮೊದಲು ಕೊಬ್ಬರಿ ತೂಗುವ ತಕ್ಕಡಿಯಲ್ಲಿ ಎಲ್ಲವನ್ನೂ ತೂಕ ಮಾಡಿದ್ದ. ಸರ್ಕಾರಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆಜಿ ತನಕ ಲಗೇಜಿಗೆ ದುಡ್ಡಿಲ್ಲ, ಅಷ್ಟರೊಳಗೆ ಬರಬೇಕಿತ್ತು. ಬೆಂಗಳೂರಿಗೆ ಬಂದ ಮೇಲೆ ಮತ್ತೆ ಸೇರಿಸುತ್ತಾ ಹೋಗಿದ್ದ.

ಆ ದಿನ ನಾನು ತಪ್ಪು ಮಾಡಿದೆ. ಇದು ಸಾಮಾನಿನ ಸಮಸ್ಯೆ, ಪಟ್ಟಿ ಚಿಕ್ಕದು ಮಾಡಿದರೆ ಸರಿಹೋಗುತ್ತದೆ ಅಂದುಕೊಂಡೆ. ಪೆನ್ನು ಹಿಡಿದು ಕೂತೆವು.

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರು ಜನರ ರೂಮಿನಲ್ಲಿ ನಿನಗೆ ಸಿಗುವುದು ಒಂದು ಮಂಚ, ಕಬೋರ್ಡಿನಲ್ಲಿ ಒಂದು ಪಾಲು, ಮಂಚದ ಕೆಳಗೆ ಒಂದು ಸೂಟ್‌ಕೇಸಿನ ಜಾಗ. ಬೀಗ ಒಂದು ಬೇಕೇ ಬೇಕು. ಬಕೆಟ್ಟು, ಮಗ್ಗು ಹಾಸ್ಟೆಲ್ ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ. ಜೀನ್ಸ್ ನಾಲ್ಕು ಬೇಡ. ಇಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಮಳೆ, ಒಗೆದು ಹಾಕಿದ ಜೀನ್ಸ್ ಎರಡು ದಿನವಾದರೂ ಒಣಗುವುದಿಲ್ಲ. ಬೇಗ ಒಣಗುವ ಪ್ಯಾಂಟು ಎರಡು ಇರಲಿ, ಒಳಬಟ್ಟೆ ಮಾತ್ರ ಜಾಸ್ತಿ ಇಟ್ಟುಕೋ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್-ಜನವರಿ ರಾತ್ರಿ 15 ಡಿಗ್ರಿಗೆ ಇಳಿಯುತ್ತದೆ. ಸ್ವೆಟರ್ ದಸರಾ ರಜೆ ಮುಗಿಸಿ ಬರುವಾಗ ತಂದರಾಯಿತು. ಕೆಟಲ್ ಬಿಟ್ಟುಬಿಡು. ಎಷ್ಟೋ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಕಿತ್ತಿಟ್ಟುಕೊಳ್ಳುತ್ತಾರೆ, ಅದಕ್ಕೆ ಕಾರಣವೂ ಇದೆ. ಒಂದು ಕೆಟಲ್ 1500 ವ್ಯಾಟ್ ತನಕ ಎಳೆಯುತ್ತದೆ, ಒಂದು ಮಹಡಿಯಲ್ಲಿ ಹತ್ತು ರೂಮಿನವರು ಒಟ್ಟಿಗೆ ಹಾಕಿದರೆ ಹಳೇ ವೈರಿಂಗು ತಡೆಯಲ್ಲ. ಪುಸ್ತಕ ಈಗಲೇ ಕೊಳ್ಳಬೇಡ. ಸಿಲಬಸ್ ನೋಡಿಕೊಂಡು ಅವೆನ್ಯೂ ರಸ್ತೆಗೆ ಹೋದರೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಮಾರ್ಕ್ಸ್ ಕಾರ್ಡು, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ ಎಲ್ಲದರ ಝೆರಾಕ್ಸ್ ಮೂರು ಸೆಟ್ ಮಾಡಿಸು. ಕಾಲೇಜಿಗೆ ಕೊಟ್ಟು ಉಳಿದ ಒರಿಜಿನಲ್ಲು ಚಿಕ್ಕಮ್ಮನ ಬೀರುವಿನಲ್ಲಿರಲಿ, ಹಾಸ್ಟೆಲ್ ರೂಮಿನಲ್ಲಿ ಬೇಡ.

163 ಇದ್ದದ್ದು 58ಕ್ಕೆ ಇಳಿಯಿತು. ಮೂರು ದಿನ ಬಿಟ್ಟು ಬಂದಾಗ 171 ಆಗಿತ್ತು.

ಆಗ ಪಟ್ಟಿ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಿದೆ. ಬ್ಯಾಗು ಬಿಟ್ಟು ಬೇರೆ ಏನನ್ನಾದರೂ ಮತ್ತೆ ಮತ್ತೆ ನೋಡ್ತೀಯಾ? ಬಾಗಿಲ ಚಿಲಕ, ಗ್ಯಾಸು? ಕೈ ತೊಳೆಯೋದು ಜಾಸ್ತಿಯಾ? ಮೊದಲೂ ಹೀಗೆ ಆಗಿತ್ತಾ? ಇದನ್ನು ಕೇಳಲೇಬೇಕು, ಯಾಕೆಂದರೆ ಗೀಳಿನ ಕಾಯಿಲೆಯೂ ಹೀಗೇ ಕಾಣಿಸಬಹುದು. ಹಾಗಿದ್ದರೆ ನನ್ನ ಮಾತು ಸಾಲದು, ಮನೋವೈದ್ಯರ ಹತ್ತಿರ ಕಳಿಸಬೇಕು. ಅವನಿಗೆ ಅಂಥದ್ದೇನೂ ಇರಲಿಲ್ಲ. ಆದರೂ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅವನ ಮೊಬೈಲಿಗೆ ಹಾಕಿಸಿದೆ. ಸರ್ಕಾರದ್ದು, ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲ್‌ಗೆ ಹೋಗುವ ಎಲ್ಲ ಮಕ್ಕಳಿಗೂ ಇದನ್ನು ಕೊಡುತ್ತೇನೆ. ಜೊತೆಗೆ ರ‍್ಯಾಗಿಂಗ್ ವಿರುದ್ಧದ ಸಹಾಯವಾಣಿ 1800-180-5522 ಕೂಡ.

ಮುಂದಿನ ಸಲ ಒಂದು ಬ್ಯಾಗು ಎತ್ತಿಕೊಂಡೇ ಬಾ ಎಂದೆ. ತಂದ. ಟೇಬಲ್ ಮೇಲೆ ಒಂದೊಂದಾಗಿ ಇಟ್ಟೆವು. ಅದರಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ. ಒಳಗೆ ಸಣ್ಣ ಸಣ್ಣ ಕಾಗದದ ಪೊಟ್ಟಣ. ಒಂದೊಂದರಲ್ಲೂ ನಾಲ್ಕು ಗುಂಡಿ, ಮೇಲೆ ಪೆನ್ನಿನಲ್ಲಿ 'ನೀಲಿ ಶರ್ಟ್', 'ಬಿಳಿ ಶರ್ಟ್', 'ಚೌಕಳಿ'. ಆ ಬಣ್ಣದ ದಾರವೂ ಸುತ್ತಿಟ್ಟಿದ್ದ. ಅಷ್ಟು ಒಪ್ಪವಾಗಿ ಮಾಡಿದ್ದನ್ನು ನೋಡಿ ನನಗೆ ಕರುಳು ಚುರುಕ್ ಎಂದಿತು.

"ಗುಂಡಿ ಕಿತ್ತುಹೋದರೆ ಏನಾಗುತ್ತೆ ಕಿರಣ?"

"ಹೊಲ್ಕೋಬೇಕು ಮೇಡಂ."

"ಸೂಜಿ ಇಲ್ದೇ ಇದ್ರೆ?"

"ಯಾರನ್ನಾದ್ರೂ ಕೇಳಬೇಕಾಗುತ್ತೆ."

"ಕೇಳಿದರೆ?"

ಸುಮಾರು ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತ. ಆಮೇಲೆ ಬಾಯಿಬಿಟ್ಟ.

ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ತೋಟದ ಬೋರ್‌ವೆಲ್ ಬತ್ತಿತು. ಅಪ್ಪ ಸಾಲ ಮಾಡಿ ಮತ್ತೆರಡು ಕೊರೆಸಿದರು, ಎರಡೂ ಫೇಲಾದವು. ತೆಂಗಿನ ಮರಗಳ ಸುಳಿ ಒಣಗತೊಡಗಿತ್ತು. ಒಂದು ಭಾನುವಾರ ಇವನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಅಪ್ಪ ನೆಂಟರೊಬ್ಬರ ಮನೆಗೆ ಹೋದರು. ಅವರು ಕಾಫಿ ಕೊಟ್ಟರು. ಊರಿನ ಸುದ್ದಿ ಎಲ್ಲಾ ಮಾತಾಡಿದರು. ಅಪ್ಪ ವಿಷಯ ತೆಗೆದಾಗ, "ಕೈಲಿ ಆಗ್ದೇ ಇದ್ರೆ ಯಾಕಪ್ಪಾ ಕೊರೆಸೋಕೆ ಹೋಗ್ಬೇಕು?" ಎಂದರು. ಮಾತು ಅಲ್ಲಿಗೆ ಮುಗಿಯಿತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಅಪ್ಪನಿಗೆ ಪಟ್ಟಿಯೊಳಗೆ ಬೆರಳು ತೂರಿಸಲು ಆಗಲಿಲ್ಲ. ಮೂರು ಸಲ ಪ್ರಯತ್ನಪಟ್ಟರು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

"ಅವತ್ತಿಂದ ನಾನು ಯಾರ ಹತ್ರನೂ ಏನೂ ಕೇಳಿಲ್ಲ ಮೇಡಂ. ರಬ್ಬರ್ ಕೂಡ."

ಐದು ವರ್ಷದಿಂದ ಕಿರಣ ಮನಸ್ಸಿನಲ್ಲೇ ಈ ಬ್ಯಾಗು ಕಟ್ಟುತ್ತಿದ್ದ. ಹಾಸ್ಟೆಲ್ ಬಂದಿದ್ದಕ್ಕೆ ಅದು ಕಣ್ಣಿಗೆ ಕಾಣಿಸಿತು, ಅಷ್ಟೇ. ಅಲ್ಲಿ ಅಮ್ಮ ಇರುವುದಿಲ್ಲ, ಚಿಕ್ಕಮ್ಮ ಇರುವುದಿಲ್ಲ. ಇಲ್ಲದ್ದು ಏನೇ ಬೇಕಾದರೂ ಪರಿಚಯವಿಲ್ಲದವರ ಬಾಗಿಲು ತಟ್ಟಬೇಕು. ಅದನ್ನು ತಪ್ಪಿಸಲು 171 ಅಲ್ಲ, ಸಾವಿರ ಸಾಮಾನು ತುಂಬಿದರೂ ಸಾಲುತ್ತಿರಲಿಲ್ಲ.

ಅಪ್ಪನಿಗೆ ಹೇಳಬಹುದಾ ಎಂದು ಕೇಳಿದೆ. ಒಂದು ದಿನ ಯೋಚಿಸಿ, ಆಯ್ತು ಎಂದ. ಆ ಭಾನುವಾರವೇ ಅಪ್ಪ ಅರಸೀಕೆರೆಯಿಂದ ರೈಲಿನಲ್ಲಿ ಬಂದರು. ಮಗ ತಲೆ ತಗ್ಗಿಸಿಕೊಂಡೇ ಆ ಚಪ್ಪಲಿಯ ಮಾತು ಹೇಳಿದ. ಅಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

"ಮಗಾ, ಅವರು ಕೊಡ್ಲಿಲ್ಲ ನಿಜ. ಅದಾದ ನಾಲ್ಕನೇ ದಿನಕ್ಕೆ ನಮ್ಮ ಮಂಡಿಯವರು ಕೊಟ್ರು. ಒಂದು ಕಾಗದಾನೂ ಬರೆಸ್ಕೊಳ್ಲಿಲ್ಲ. ನಿನ್ನ ಪಿಯುಸಿ ಫೀಸು ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ಅವತ್ತು ನೀನು ಜೊತೇಲಿರ್ಲಿಲ್ಲ."

ಅವನಿಗೆ ಇದು ಗೊತ್ತೇ ಇರಲಿಲ್ಲ. ಅವಮಾನ ಆದದ್ದನ್ನು ಮಗ ನೋಡಿದ್ದ, ಸಹಾಯ ಸಿಕ್ಕಿದ್ದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಮಕ್ಕಳಿಗೆ ಯಾಕೆ ಕಷ್ಟ ಗೊತ್ತಾಗಬೇಕು ಎಂದು ಎಷ್ಟೋ ಮನೆಗಳಲ್ಲಿ ಹೀಗೆ ಮಾತು ಮುಚ್ಚಿಡುತ್ತಾರೆ. ಆದರೆ ಕಷ್ಟವನ್ನು ಮಕ್ಕಳು ಹೇಗೋ ನೋಡಿಯೇ ಬಿಟ್ಟಿರುತ್ತಾರೆ. ಅದು ಹೇಗೆ ಕಳೆಯಿತು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಆಮೇಲೆ ನಾನು ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಒಂದು ಬ್ಯಾಗು, ಒಂದು ಸೂಟ್‌ಕೇಸು ಮಾತ್ರ ತಗೊಂಡು ಹೋಗು. ಮೊದಲ ರಾತ್ರಿ ಏನು ಬೇಕೋ ಅದು ಕೈಬ್ಯಾಗಿನಲ್ಲಿರಲಿ: ಬೀಗ, ಬೆಡ್‌ಶೀಟು, ಟವೆಲ್ಲು, ಚಾರ್ಜರ್, ಒಂದು ಜೊತೆ ಬಟ್ಟೆ. ಅವನಿಗೆ ಚಿಕ್ಕಂದಿನಿಂದ ವೀಸಿಂಗ್ ಇತ್ತು. ಇನ್‌ಹೇಲರ್ ಜೇಬಿನಲ್ಲೇ ಇರಬೇಕು, ಇನ್ನೊಂದು ಕಬೋರ್ಡಿನಲ್ಲಿ. ಅದು ಎಲ್ಲಿದೆ ಅಂತ ರೂಮ್‌ಮೇಟುಗಳಿಗೆ ಮೊದಲ ದಿನವೇ ಹೇಳು. ಇದರಲ್ಲಿ ಮಾತ್ರ ನಾನು ರಾಜಿ ಆಗಲಿಲ್ಲ.

ಇನ್ನು ಒಂದು ಸಾಮಾನನ್ನು ಬೇಕಂತಲೇ ಬಿಟ್ಟು ಹೋಗು ಎಂದೆ. ತೀರಾ ಬೇಕಾದದ್ದಲ್ಲ, ಆದರೆ ಎರಡು ವಾರದೊಳಗೆ ಬೇಕಾಗುವಂಥದ್ದು. ಅವನೇ ಆರಿಸಿದ: ನೇಲ್ ಕಟರ್. ಅದನ್ನು ಪಕ್ಕದ ರೂಮಿನಲ್ಲಿ ಕೇಳಬೇಕು. ಅಂಗಡಿಯಲ್ಲಿ ಕೊಳ್ಳುವ ಹಾಗಿಲ್ಲ. ಇಲ್ಲ ಅಂದರೆ ಇಲ್ಲ, ವಾಪಸ್ ಬಂದು ಇನ್ನೊಬ್ಬರನ್ನು ಕೇಳುವುದು. ಗುಂಡಿ ಡಬ್ಬಿಯನ್ನು ಬಿಟ್ಟು ಹೋಗು ಎನ್ನಲಿಲ್ಲ. ಅದು ಅವನು ಕೈಯಾರೆ ಮಾಡಿದ್ದು. ಯಾರದ್ದಾದರೂ ಗುಂಡಿ ಕಿತ್ತುಹೋದರೆ ನೀನೇ ಹೊಲಿದುಕೊಡು ಎಂದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು: ಕೋಡುಬಳೆ, ನಿಪ್ಪಟ್ಟು ಒಬ್ಬನಿಗೆ ಲೆಕ್ಕ ಹಾಕಿ ಮಾಡಬೇಡಿ, ಮೂರು ಜನರ ರೂಮಿಗೆ ಮಾಡಿ. ಮತ್ತೆ, ದಿನಾ ರಾತ್ರಿ "ಏನಾದ್ರೂ ಬೇಕಾ?" ಅಂತ ಕೇಳಬೇಡಿ. "ಇವತ್ತು ಯಾರ ಜೊತೆ ಊಟಕ್ಕೆ ಕೂತೆ?" ಅಂತ ಕೇಳಿ.

ಹಾಸ್ಟೆಲ್ ಸೇರಿ ಮೂರು ವಾರಕ್ಕೆ ಬಂದ. ನೇಲ್ ಕಟರ್ ಕೇಳಲು ಒಂಬತ್ತು ದಿನ ಹಿಡಿಯಿತಂತೆ. ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದ. ಮೂರನೇ ಸಲ ಕೇಳಿದಾಗ ಪಕ್ಕದ ರೂಮಿನ ರಾಯಚೂರಿನ ಹುಡುಗ, "ನನ್ನ ಹತ್ರಾನೂ ಇಲ್ಲೋ, ಬಾ ಕೇಳೋಣು" ಎಂದು ಇವನ ಕೈ ಹಿಡಿದುಕೊಂಡು ಇಡೀ ಕಾರಿಡಾರ್ ಸುತ್ತಿಸಿದ. ಕೊನೆಗೆ ಮೇಲಿನ ಮಹಡಿಯಲ್ಲಿ ಸಿಕ್ಕಿತು. ಹೇಳುವಾಗ ಬೆರಳು ಮುಂದೆ ಚಾಚಿ ತೋರಿಸಿದ.

ಎರಡನೇ ಬ್ಯಾಗು ಚಿಕ್ಕಮ್ಮನ ಮನೆಯ ಮಂಚದ ಕೆಳಗಿದೆ. ದಸರಾ ಮುಗಿದ ಮೇಲೆ ಒಂದೇ ಸಲ ಬಿಚ್ಚಿದನಂತೆ, ಸ್ವೆಟರ್ ತೆಗೆದುಕೊಳ್ಳಲು.