ಲಾಲ್‌ಬಾಗ್ ಬಂಡೆಯ ಮೇಲೆ ಮಕ್ಕಳಿಗೇನು ಕೆಲಸ?

ಪ್ರಶ್ನೆ: ರಜೆಗೆ ಬೆಂಗಳೂರಿಗೆ ಬರುತ್ತಿದ್ದೇವೆ. ಮಕ್ಕಳಿಗೆ 9 ಮತ್ತು 5 ವರ್ಷ. ಹೂವು, ಗಾಜಿನ ಮನೆ ಅಂದರೆ ಅರ್ಧ ಗಂಟೆಗೇ ಬೇಸರ. ಲಾಲ್‌ಬಾಗ್‌ನ ಬಂಡೆ ಬಹಳ ಹಳೆಯದಂತೆ, ಅದರಲ್ಲಿ ತೋರಿಸುವಂಥದ್ದು ಏನಿದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಾಗಾದರೆ ಬಂಡೆಯಿಂದಲೇ ಶುರು ಮಾಡಿ. ಡಬಲ್ ರೋಡ್ ಕಡೆಯ ಗೇಟಿನಿಂದ ಒಳಬಂದರೆ ಬಂಡೆ ಹತ್ತಿರ. ಮೆಟ್ರೋದಲ್ಲಿ ಬಂದರೆ ಪಶ್ಚಿಮದ ಗೇಟು ಸಿಗುತ್ತದೆ, ತೋಟ ದಾಟಿ ನಡೆಯಬೇಕು. ಐದರ ಮಗು ಬಂಡೆ ತಲುಪುವಷ್ಟರಲ್ಲಿ ಎತ್ತಿಕೋ ಅನ್ನುತ್ತದೆ.

ಇದು ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಈ ಅಂಕಿ ಮಕ್ಕಳ ತಲೆಗೆ ಹೋಗುವುದಿಲ್ಲ (ದೊಡ್ಡವರದಕ್ಕೂ ಅಷ್ಟಕ್ಕಷ್ಟೇ). ಮನೆಯಿಂದಲೇ 3 ಮೀಟರ್ ದಾರ ತನ್ನಿ. 1 ಮಿಲಿಮೀಟರ್ ಅಂದರೆ 10 ಲಕ್ಷ ವರ್ಷ. ಒಂದು ತುದಿ ಬಂಡೆ ಹುಟ್ಟಿದ ಕಾಲ, ಇನ್ನೊಂದು ಇವತ್ತು. ಇವತ್ತಿನ ತುದಿಯಿಂದ 6.6 ಸೆಂಟಿಮೀಟರ್ ಹಿಂದೆ ಸ್ಕೆಚ್ ಪೆನ್ನಿನ ಗುರುತು ಹಾಕಿ: ಡೈನೊಸಾರ್‌ಗಳು ಅಳಿದದ್ದು ಅಲ್ಲಿ. ನಮ್ಮಂಥ ಮನುಷ್ಯರ 3 ಲಕ್ಷ ವರ್ಷಕ್ಕೆ ಸಿಗುವುದು 0.3 ಮಿಲಿಮೀಟರ್, ಪೆನ್ನಿನ ಗೆರೆಯೇ ಅದಕ್ಕಿಂತ ದಪ್ಪ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರವನ್ನು ಈ ದಾರದಲ್ಲಿ ಗುರುತಿಸಲು ಸಾಧ್ಯವೇ ಇಲ್ಲ.

ಆಮೇಲೆ ಭೂತಗನ್ನಡಿ ಕೊಡಿ. ಬಂಡೆಯ ಬಿಳಿ ಪಟ್ಟೆ ಸ್ಫಟಿಕಶಿಲೆ ಮತ್ತು ಫೆಲ್ಡ್‌ಸ್ಪಾರ್, ಮಿನುಗುವ ಕಪ್ಪು ಪಟ್ಟೆಯಲ್ಲಿ ಅಭ್ರಕ. ನೆಲದಾಳದ ಶಾಖ, ಒತ್ತಡಕ್ಕೆ ಖನಿಜಗಳು ಬೇರೆಬೇರೆಯಾಗಿ ಸಾಲುಗಟ್ಟಿವೆ. ಪಟ್ಟೆ ಎಲ್ಲಿ ಬಾಗಿದೆ, ಎಲ್ಲಿ ಮಡಚಿದೆ ಎಂದು ಬೆರಳಿಟ್ಟು ಹುಡುಕಲಿ. ಕೆಲವೆಡೆ ಬಂಡೆ ಈರುಳ್ಳಿಯಂತೆ ಪದರ ಬಿಡುತ್ತದೆ. ಮೇಲಿದ್ದ ಶಿಲೆ ಸವೆದು ಭಾರ ಇಳಿದದ್ದೇ ಕಾರಣ.

ಪಳೆಯುಳಿಕೆ ಇದರಲ್ಲಿ ಸಿಗದು ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ನಿರಾಸೆ. ಅದಕ್ಕೆ ತೋಟದಲ್ಲೇ ಕಲ್ಲಾದ ಮರದ ಕಾಂಡವಿದೆ. 2 ಕೋಟಿ ವರ್ಷ ಹಳೆಯದು, ದಾರದಲ್ಲಿ 2 ಸೆಂಟಿಮೀಟರ್.

ಬೆಳಿಗ್ಗೆ ಒಂಬತ್ತರೊಳಗೆ ಹತ್ತಿಸಿ. ಬಿಸಿಲೇರಿದರೆ ನೆರಳಿಲ್ಲದ ಕಲ್ಲು ಕಾಯುತ್ತದೆ. ಮಳೆ ಬಂದ ಮರುದಿನ ಪಾಚಿ ಜಾರುತ್ತದೆ, ನುಣ್ಣನೆಯ ಅಟ್ಟೆಯ ಚಪ್ಪಲಿ ಬೇಡ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಚೂರು ಒಡೆದು ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟು ಬನ್ನಿ: ಆ ಜನಜಂಗುಳಿಯಲ್ಲಿ ದಾರ ಹಾಸುವುದಿರಲಿ, ಮಕ್ಕಳ ಕೈ ಹಿಡಿದುಕೊಳ್ಳುವುದೇ ಕೆಲಸವಾಗುತ್ತದೆ.