ಹಿಪ್-ಹಾಪ್ ಶೋನಲ್ಲಿ ನಾನೊಬ್ಬನೇ ಹೊರಗಿನವನು ಅನ್ನಿಸಿತು, ಮತ್ತೆ ಹೋಗಬೇಕಾ?

ನಿಮಗೆ 38 ವಯಸ್ಸು, ಹಾಸನದ ಕಾಲೇಜ್ ಫೆಸ್ಟ್‌ನಲ್ಲಿ ಮೊದಲ ಸಲ ರ‍್ಯಾಪ್ ಶೋ (ಹಿಪ್-ಹಾಪ್‌ನಲ್ಲಿ ತಾಳಕ್ಕೆ ತಕ್ಕಂತೆ ವೇಗವಾಗಿ ಮಾತು ಹೇಳುವುದೇ ರ‍್ಯಾಪ್) ನೋಡಿದಿರಿ, ಸುತ್ತಲಿದ್ದ ಹುಡುಗರೆಲ್ಲ ಸಾಲು ಸಾಲು ಜೊತೆಗೇ ಹೇಳುತ್ತಿದ್ದರು, ನಿಮಗೆ ಒಂದು ಪದವೂ ತಿಳಿಯಲಿಲ್ಲ ಅಂತ ಬರೆದಿದ್ದೀರಿ. ಹೋಗಿ. ಖಂಡಿತ ಮತ್ತೆ ಹೋಗಿ.

ನಾನು ಚಿಕ್ಕಮಗಳೂರಿನವಳು, ನಿಮಗಿಂತ ದೊಡ್ಡವಳು. ಮಗಳ ಜೊತೆ ಇಂಥ ಶೋಗಳಿಗೆ ಹಾಸನಕ್ಕೂ ಬರುತ್ತೇನೆ, ಬೆಂಗಳೂರಿಗೂ ಹೋಗುತ್ತೇನೆ. ಪದ ತಿಳಿಯದೇ ಇದ್ದದ್ದಕ್ಕೂ ನಿಮ್ಮ ವಯಸ್ಸಿಗೂ ಸಂಬಂಧ ಇಲ್ಲ. ಕಾಲೇಜ್ ಮೈದಾನದಲ್ಲಿ ಬಾಸ್, ಅಂದರೆ ಎದೆಗೆ ಬಡಿಯುವ ತಗ್ಗು ಸದ್ದು, ಯಾವಾಗಲೂ ಜಾಸ್ತಿ, ಜೊತೆಗೆ ಎದುರಿನ ಕಟ್ಟಡಕ್ಕೆ ಬಡಿದ ಸದ್ದು ವಾಪಸ್ ಬರುತ್ತಿರುತ್ತದೆ, ಅದರ ನಡುವೆ ಅಷ್ಟು ವೇಗವಾಗಿ ಹೇಳಿದ ಮಾತು ಹೊಸಬರಿಗೆ ಬಿಡಿಬಿಡಿಯಾಗಿ ಕೇಳಿಸುವುದೇ ಇಲ್ಲ. ಪಕ್ಕದ ಹುಡುಗನಿಗೂ ಅಷ್ಟೇ. ಅವನಿಗೆ ಮೊದಲೇ ಬಾಯಿಪಾಠ ಇದೆ, ಅದಕ್ಕೇ ಎಲ್ಲ ಸ್ಪಷ್ಟವಾಗಿ ಕೇಳಿಸಿದ ಹಾಗಿರುತ್ತದೆ. ಅಲ್ಲಿಗೆ ಯಾರೂ ಹಾಡನ್ನು ಮೊದಲ ಸಲ ಕೇಳೋಕೆ ಬಂದಿರುವುದಿಲ್ಲ. ಮನೆಯಲ್ಲಿ, ಬಸ್ಸಲ್ಲಿ ಇಯರ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ಕಲಿತದ್ದನ್ನು ಎಲ್ಲರೂ ಸೇರಿ ಹೇಳೋಕೆ ಬಂದಿರುತ್ತಾರೆ.

ರ‍್ಯಾಪರ್‌ಗಳು ಬೇಕೆಂದೇ ಸಾಲಿನ ಕೊನೆಯ ಪದ ಬಿಟ್ಟು ಮೈಕನ್ನು ಜನರ ಕಡೆ ಹಿಡಿಯುತ್ತಾರೆ, ನೋಡಿದಿರಲ್ವಾ? ಆ ಪದ ನಾವು ತುಂಬಬೇಕು. ನಮ್ಮ ಕಡೆ ವೀರಗಾಸೆಯಲ್ಲಿ ಒಡಪು ಹೇಳುವಾಗಲೂ ಸುತ್ತ ನಿಂತವರ ದನಿ ಸೇರಿದರೇ ಹೇಳುವವರಿಗೆ ಹುರುಪು. ಅಲ್ಲಿ ಯಾವಾಗ ಕೂಗಬೇಕು ಅಂತ ನಮಗೆ ಚಿಕ್ಕಂದಿನಿಂದ ಗೊತ್ತು. ಇಲ್ಲಿ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ನನಗೆ ಧೈರ್ಯ ಕೊಟ್ಟದ್ದು ಹಿಪ್-ಹಾಪ್ ಹುಟ್ಟಿದ ಕಥೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಬೆಲ್ ಅನ್ನುವ ಹುಡುಗಿ, ಸ್ಕೂಲ್ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ, ತಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದವನು ಅವಳ ಅಣ್ಣ, ಮುಂದೆ ಡಿಜೆ ಕೂಲ್ ಹರ್ಕ್ ಅಂತ ಹೆಸರಾದವನು. ಅವನು ಹನ್ನೆರಡನೇ ವಯಸ್ಸಿಗೆ ಜಮೈಕಾದಿಂದ ಬಂದ ಹುಡುಗ, ಆ ಊರಿಗೆ ಅವನೇ ಹೊರಗಿನವನು. ಹಾಡಿನ ನಡುವೆ ಬರೀ ಡ್ರಮ್ ಬರುವ ಜಾಗಕ್ಕಾಗಿಯೇ ಕುಣಿಯುವವರು ಕಾಯುತ್ತಾರೆ ಅನ್ನುವುದನ್ನು ಅವನು ಗಮನಿಸಿದ್ದ. ಎರಡು ಟರ್ನ್‌ಟೇಬಲ್‌ಗಳಲ್ಲಿ (ರೆಕಾರ್ಡ್ ತಿರುಗಿಸುವ ಯಂತ್ರ) ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಂಡನ್ನೇ ಉದ್ದ ಮಾಡಿದ. ಅವತ್ತು ಅಲ್ಲಿ ಕುಣಿದ ಮಕ್ಕಳೆಲ್ಲ ಈಗ ಅಜ್ಜ-ಅಜ್ಜಿಯರ ವಯಸ್ಸಿನವರು, ಹಾಗಾಗಿ 38 ಅಂತ ನೀವು ಸಂಕೋಚ ಪಡಬೇಡಿ.

ಇಂಗ್ಲಿಷ್ ಹಾಡುಗಳ ವಿಷಯ ಮಾತ್ರ ಬೇರೆ. ಕರಿಯರನ್ನು ಹೀಯಾಳಿಸಲು ಬಿಳಿಯರು ಬಳಸುತ್ತಿದ್ದ ಒಂದು ಪದ ಅಮೆರಿಕದ ಎಷ್ಟೋ ಹಾಡುಗಳಲ್ಲಿ ಬರುತ್ತದೆ. ಕರಿಯರು ಅದನ್ನು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಾರೆ, ಅದು ಅವರ ಹಕ್ಕು. 2018ರಲ್ಲಿ ಅಲಬಾಮಾದ ಶೋ ಒಂದರಲ್ಲಿ ಅಮೆರಿಕದ ಕರಿಯ ರ‍್ಯಾಪರ್ ಕೆಂಡ್ರಿಕ್ ಲಮಾರ್ ತಾವೇ ವೇದಿಕೆಗೆ ಕರೆದಿದ್ದ ಬಿಳಿ ಹುಡುಗಿ ಆ ಪದ ಹೇಳಿದ್ದಕ್ಕೆ ಹಾಡನ್ನೇ ನಿಲ್ಲಿಸಿದ್ದರು. ನಮ್ಮ ಹುಡುಗರು ಅದನ್ನು ಖುಷಿಯಿಂದ ಕೂಗುವಾಗ ನನಗೆ ಸಂಕಟವಾಗುತ್ತದೆ. ಆ ಜಾಗದಲ್ಲಿ ನಾವು ಹೊರಗಿನವರೇ, ಸುಮ್ನೆ ಇರಬೇಕು.

ಕನ್ನಡ ರ‍್ಯಾಪ್‌ಗೆ ಆ ತೊಡಕಿಲ್ಲ. ಆಲ್ ಓಕೆ ಅಂತ ಹೆಸರಿಟ್ಟುಕೊಂಡ ರ‍್ಯಾಪರ್, ರಾಹುಲ್ ಡಿಟ್ಟೋ ಇದ್ದಾರೆ, ಚಂದನ್ ಶೆಟ್ಟಿ ಅಂತೂ ನಿಮ್ಮ ಹಾಸನ ಜಿಲ್ಲೆಯವರೇ. ಪೋಸ್ಟರ್‌ನಲ್ಲಿ ಯಾರ ಹೆಸರಿದೆಯೋ ಅವರ ಎರಡು ಹಾಡನ್ನು, ಸಾಹಿತ್ಯ ಎದುರಿಗಿಟ್ಟುಕೊಂಡು, ಒಂದು ವಾರ ಕೇಳಿ. ಪೂರ್ತಿ ಬೇಡ, ಮತ್ತೆ ಮತ್ತೆ ಬರುವ ಸಾಲು ಬಂದರೆ ಸಾಕು. ವೇದಿಕೆಯ ಮುಂದೆ ದೊಡ್ಡ ಸ್ಪೀಕರ್ ಪಕ್ಕ ನಿಲ್ಲಬೇಡಿ, ಕಿವಿಗೂ ಒಳ್ಳೆಯದಲ್ಲ. ಹಿಂದೆ ಸೌಂಡ್ ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಹತ್ತಿರ ನಿಲ್ಲಿ. ಅವರು ತಮ್ಮ ಕಿವಿಗೆ ಸರಿ ಕೇಳುವ ಹಾಗೆ ಸದ್ದು ಹೊಂದಿಸುತ್ತಾರೆ, ಹಾಗಾಗಿ ಇಡೀ ಮೈದಾನದಲ್ಲಿ ಮಾತು ಚೆನ್ನಾಗಿ ಕೇಳುವ ಜಾಗ ಅದೇ.